ಕುಟುಂಬ ಸಮೇತ ಕೀನ್ಯಾಕ್ಕೆ ಸೇವೆಗೆ ಹೊರಟಿದ್ದೇವೆ: ಅನುಭವ ಇದ್ದವರು ದಯವಿಟ್ಟು ಹೇಳಿ

ಎಲ್ಲರಿಗೂ ವಂದನೆಗಳು. ನಾವು ಗದಗಿನವರು. ನಾನು ಬೈಬಲ್ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಹೆಂಡತಿ ಸ್ಟಾಫ್ ನರ್ಸ್. ಮಗಳಿಗೆ 9, ಮಗನಿಗೆ 4. ಪಶ್ಚಿಮ ಕೀನ್ಯಾದ ಕಿಸುಮು ಊರಿನ ಹತ್ತಿರ ಒಂದು ಕ್ರೈಸ್ತ ಸಭೆಯವರು (ಚರ್ಚಿನವರು) ನಮ್ಮನ್ನು ಕರೆದಿದ್ದಾರೆ. ಹಳ್ಳಿ ಸಭೆಗಳ ಪಾಲಕರಿಗೆ (ಪಾಸ್ಟರ್‌ಗಳಿಗೆ) ತರಬೇತಿ ಕೊಡುವ ಕೆಲಸ. ಇರೋಕೆ ಮನೆ ಕೊಡುತ್ತಾರೆ, ಸಂಬಳ ಇಲ್ಲ. ತಿಂಗಳ ಖರ್ಚು, ಟಿಕೆಟ್, ಮಕ್ಕಳ ಶಾಲೆ ಎಲ್ಲವನ್ನೂ ಇಲ್ಲಿಯ ಸಭೆಗಳಿಂದ, ಪರಿಚಯದವರಿಂದ ನಾವೇ ಹೊಂದಿಸಬೇಕು. ನಮ್ಮ ಕೈಯಲ್ಲಿ ಹತ್ತು ತಿಂಗಳು ಇದೆ.

ಎರಡು ವರ್ಷ ಪ್ರಾರ್ಥನೆ ಮಾಡಿ ಒಪ್ಪಿಕೊಂಡಿದ್ದೇವೆ. ಹೋಗಬೇಕಾ ಬೇಡವಾ ಅನ್ನುವುದು ನನ್ನ ಪ್ರಶ್ನೆ ಅಲ್ಲ. ನನಗೆ ಜನರ ಮುಂದೆ ನಿಂತು ಹಣ ಕೇಳಲು ಬಾಯೇ ಬರುತ್ತಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೈ ಚಾಚಿದವರಲ್ಲ. ಹೇಗೆ ಕೇಳಿದಿರಿ? ಎಷ್ಟು ಕೇಳಿದಿರಿ? ಕಾಗದ ಪತ್ರಗಳಲ್ಲಿ ಎಲ್ಲಿ ಎಡವುತ್ತೇವೆ? ಮಕ್ಕಳು ಹೇಗೆ ಹೊಂದಿಕೊಂಡರು? ಇನ್ನೊಂದು ಮಾತು. ಅಪ್ಪನಿಗೆ 74. ಅಮ್ಮ ಈ ವಿಷಯ ತೆಗೆದರೆ ಎದ್ದು ಒಳಗೆ ಹೋಗುತ್ತಾರೆ. ನಾನು ಹಿರಿಮಗ.

ಕಿಸುಮುವಿನಲ್ಲಿ ಏಳು ವರ್ಷ ಇದ್ದು ಬಂದವರು, ಧಾರವಾಡ

ತಮ್ಮಾ, ನಿನ್ನ ಪತ್ರ ಓದಿ ನಮ್ಮ ಮನೆಯ ಆ ದಿನಗಳೇ ಕಣ್ಣ ಮುಂದೆ ಬಂದವು. ನಾನು, ನಮ್ಮ ಮನೆಯವರು, ಇಬ್ಬರು ಮಕ್ಕಳು ಹೋಗಿದ್ದೆವು. ಹಣ ಕೇಳುವ ಮಾತನ್ನೇ ಮೊದಲು ಹೇಳುತ್ತೇನೆ. ಅದು ಸರಿಹೋದರೆ ಉಳಿದದ್ದಕ್ಕೆ ದಾರಿ ಸಿಗುತ್ತದೆ.

ನಾವು ಮೊದಲ ನಾಲ್ಕು ತಿಂಗಳು ಯಾರನ್ನೂ ಕೇಳಲೇ ಇಲ್ಲ. 'ದೇವರೇ ಒದಗಿಸುತ್ತಾನೆ' ಎಂದು ಸುಮ್ನೆ ಕೂತಿದ್ದೆವು. ನಿಜ ಹೇಳಬೇಕೆಂದರೆ ಅದು ನಂಬಿಕೆ ಆಗಿರಲಿಲ್ಲ, ನಾಚಿಕೆ ಆಗಿತ್ತು. ನಮ್ಮ ಸಭೆಯ ಪಾಲಕರಾದ ಅಯ್ಯನವರು ಒಂದು ಸಂಜೆ ಮನೆಗೆ ಬಂದು ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 15ನೇ ಅಧ್ಯಾಯ ತೆಗೆದು ಓದಿಸಿದರು. ಪೌಲ ಸ್ಪೇನ್‌ಗೆ ಹೋಗುವ ದಾರಿಯಲ್ಲಿ ನಿಮ್ಮನ್ನು ಕಂಡು, ನಿಮ್ಮ ಸಹಾಯದಿಂದ ಮುಂದೆ ಹೋಗುತ್ತೇನೆ ಎಂದು ನೇರವಾಗಿ ಬರೆಯುತ್ತಾನೆ. ಅವನು ಅವರನ್ನು ಇನ್ನೂ ನೋಡಿಯೂ ಇರಲಿಲ್ಲ. 'ಪೌಲನಿಗೆ ಇಲ್ಲದ ನಾಚಿಕೆ ನಿಮಗೆ ಯಾಕಮ್ಮ' ಎಂದರು ಅಯ್ಯನವರು.

ನಮ್ಮ ಕಡೆ ಹಣ ಕೊಡುವುದು ಅಂದರೆ ಮನಸ್ಸಿನಲ್ಲಿ ಮುಯ್ಯಿ ಬರುತ್ತದೆ, ಅಲ್ವಾ? ಮದುವೆಯಲ್ಲಿ ಯಾರು ಎಷ್ಟು ಹಾಕಿದರು ಎಂದು ಬರೆದಿಟ್ಟು, ಅವರ ಮನೆ ಕೆಲಸಕ್ಕೆ ಅಷ್ಟೇ ತಿರುಗಿ ಹಾಕಬೇಕು. ಹಾಗಾಗಿ ಯಾರಾದರೂ ಕೊಟ್ಟರೆ 'ಇದನ್ನು ಹೇಗೆ ತೀರಿಸಲಿ' ಎಂಬ ಭಾರ ಹತ್ತುತ್ತದೆ. ನಿನ್ನ ಬಾಯಿ ಕಟ್ಟಿರುವುದೂ ಅದೇ ಭಾರ ಅಂತ ನನಗೆ ಅನಿಸುತ್ತದೆ. ಆದರೆ ಸೇವೆಗೆ ಕೊಡುವುದು ಮುಯ್ಯಿ ಅಲ್ಲ. ಕೊಟ್ಟವರು ನಿಮ್ಮ ಜೊತೆ ಆ ಕೆಲಸ ಮಾಡುತ್ತಿದ್ದಾರೆ. ಅವರಿಗೆ ನೀವು ಕೊಡಬೇಕಾದ್ದು ಲೆಕ್ಕ ಮತ್ತು ಸುದ್ದಿ. ಈ ಎರಡು ತಪ್ಪದೆ ಹೋದರೆ ಯಾರ ಮುಂದೂ ತಲೆ ತಗ್ಗಿಸುವ ಅಗತ್ಯ ಬರುವುದಿಲ್ಲ.

ಇದು ಹೊಸ ಮಾತೇನಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ನಮ್ಮ ಧಾರವಾಡಕ್ಕೆ, ಆಮೇಲೆ ನಿಮ್ಮ ಬೆಟಗೇರಿಗೆ. ಅವರನ್ನು ಶ್ರೀಮಂತರು ಮಾತ್ರ ಸಾಕಿದರು ಎಂದು ನಾವು ಅಂದುಕೊಳ್ಳುತ್ತೇವೆ. 1855ರಲ್ಲಿ ಬಾಸೆಲ್‌ನಲ್ಲಿ ಒಂದು ಕಾಣಿಕೆ ಶುರುವಾಯಿತು. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಬಡವರೂ ಕೊಡಬಹುದಾದ ಒಂದು ಪುಟ್ಟ ನಾಣ್ಯ. ಮನೆ ಮನೆಯಿಂದ ಅದನ್ನು ಕೂಡಿಸುತ್ತಿದ್ದರು. ನಮ್ಮ ಊರಿನ ಶಾಲೆ, ಆಸ್ಪತ್ರೆಗಳಲ್ಲಿ ಯಾರೋ ಆಳುಮಗಳ ಅರ್ಧ ಬಾಟ್ಸೆನ್ ಕೂಡ ಇದೆ. ಮಿಜೋರಾಂನ ಕ್ರೈಸ್ತ ಮನೆಗಳಲ್ಲಿ 1910ರಿಂದ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಎತ್ತಿಡುತ್ತಾರೆ. ಬುಹ್‌ಫಾಯ್ ಥಾಮ್ ಎನ್ನುತ್ತಾರೆ ಅದನ್ನು. ಆ ಹಿಡಿ ಅಕ್ಕಿಯಿಂದಲೇ ಎಷ್ಟೋ ಮಿಷನರಿಗಳು ಹೊರಟಿದ್ದಾರೆ.

ನಮ್ಮ ಅನುಭವವೂ ಅದೇ. ಒಬ್ಬ ದೊಡ್ಡ ವ್ಯಾಪಾರಿ ಸಹೋದರರು ತಿಂಗಳಿಗೆ 40,000 ಕೊಡುತ್ತೇನೆ ಎಂದರು. ನಮಗೆ ಬೇಕಾಗಿದ್ದದರಲ್ಲಿ ಅದೇ ಅರ್ಧದ ಹತ್ತಿರ. ಎರಡನೇ ವರ್ಷ ಅವರ ವ್ಯಾಪಾರ ಕೆಟ್ಟಿತು. ಪಾಪ, ಅವರ ತಪ್ಪಲ್ಲ. ಆದರೆ ನಮ್ಮ ಮನೆಯ ಅರ್ಧ ಛಾವಣಿ ಒಂದೇ ದಿನ ಹಾರಿಹೋಯಿತು. ಆ ಮೂರು ತಿಂಗಳು ಹೇಗೆ ಕಳೆದೆವು ಎಂದು ಈಗಲೂ ಹೇಳಲು ಕಷ್ಟ. ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಯಾರೊಬ್ಬರ ಪಾಲೂ ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಭಾಗ ದಾಟಬಾರದು. ದೊಡ್ಡ ಮೊತ್ತ ಬಂದರೆ ಅದನ್ನು ಟಿಕೆಟ್‌ಗೆ, ತುರ್ತಿಗೆ ಇಟ್ಟೆವು. ತಿಂಗಳ ಊಟ ಮಾತ್ರ 200, 300, 500 ಕೊಡುವವರಿಂದಲೇ. ಕೊನೆಗೆ 130ಕ್ಕೂ ಜಾಸ್ತಿ ಜನ ಆದರು. ಅವರಲ್ಲಿ ಬಿಟ್ಟುಹೋದವರು ತುಂಬ ಕಡಿಮೆ.

ಕೇಳುವುದು ಹೇಗೆ ಅಂದೆಯಲ್ಲ. ವೇದಿಕೆ ಮೇಲಿಂದ ಒಂದು ಸಲ ಹೇಳಿ ಇಳಿದರೆ ಜನ ಚಪ್ಪಾಳೆ ತಟ್ಟುತ್ತಾರೆ, ಒಂದು ಸಲದ ಕಾಣಿಕೆ ಹಾಕುತ್ತಾರೆ, ಮುಗಿಯಿತು. ಮನೆಗೆ ಹೋಗಬೇಕು. ಒಂದು ಮನೆಗೆ ಒಂದು ಸಂಜೆ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರು ಕೊಟ್ಟ ಚಹಾ ಕುಡಿದು, ಅವರ ಮನೆಯ ಸುಖ ದುಃಖ ಮೊದಲು ಕೇಳಿ. ಆಮೇಲೆ ಎಲ್ಲಿಗೆ ಹೋಗುತ್ತಿದ್ದೇವೆ, ಯಾಕೆ, ತಿಂಗಳಿಗೆ ಎಷ್ಟು ಬೇಕು, ಈವರೆಗೆ ಎಷ್ಟು ಆಗಿದೆ ಎಂದು ಒಂದೇ ಹಾಳೆಯಲ್ಲಿ ತೋರಿಸಿ. 'ನಿಮ್ಮಿಂದ ಆಗುವಷ್ಟು' ಎಂದು ಹೇಳಬೇಡಿ. ಹಾಗೆ ಹೇಳಿದರೆ ಎದುರಿನವರಿಗೆ ಪೇಚಾಟ. 'ತಿಂಗಳಿಗೆ 300ರಂತೆ ಎರಡು ವರ್ಷ ನಮ್ಮ ಜೊತೆ ನಿಲ್ಲುತ್ತೀರಾ? ಯೋಚಿಸಿ ಹೇಳಿ, ಆಗದಿದ್ದರೂ ಪ್ರಾರ್ಥನೆ ಮಾಡಿ' ಎಂದು ನೇರ ಕೇಳಿ. ಅಲ್ಲೇ ಉತ್ತರಕ್ಕೆ ಕಾಯಬೇಡಿ. ಒಂದು ವಾರ ಬಿಟ್ಟು ಫೋನ್ ಮಾಡಿ. ಈ ಫೋನನ್ನು ನಾವು ಮೊದಮೊದಲು ಮಾಡುತ್ತಲೇ ಇರಲಿಲ್ಲ. ಎಷ್ಟೋ ಜನ ನಮ್ಮ ಫೋನಿಗಾಗಿ ಕಾದು ಕಾದು, 'ಇವರಿಗೆ ಬೇಡವೇನೋ' ಅಂದುಕೊಂಡಿದ್ದರಂತೆ.

ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆ ಬಂದದ್ದರ ಹರಾಜು ಬರುತ್ತದಲ್ಲ, ಅದರ ಹಣ ಕೇಳಬೇಡ. ಅದು ಸಭೆಯ ಖರ್ಚಿಗೆ ಬೇಕು. ನಮ್ಮ ಸ್ತ್ರೀಯರ ಕೂಟದವರು ಬೇರೆಯೇ ಒಂದು ದಾರಿ ಮಾಡಿದರು. ತಿಂಗಳಿಗೊಮ್ಮೆ ಶೇಂಗಾ ಹೋಳಿಗೆ, ಚಟ್ನಿಪುಡಿ ಮಾಡಿ ಮಾರಿ ನಮ್ಮ ಮಗಳ ಶಾಲೆಯ ಫೀ ಕಟ್ಟಿದರು. ಐದು ವರ್ಷ! ಆ ಅಕ್ಕಂದಿರನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಅಲ್ಲಿಗೆ ಹೋದ ಮೇಲೆ ಇನ್ನೊಂದು ಪಾಠ ಕಾದಿತ್ತು. ಕೀನ್ಯಾದಲ್ಲಿ ಹರಾಂಬೆ ಎಂಬ ಪದ್ಧತಿ ಇದೆ. ಎಲ್ಲರೂ ಸೇರಿ ಎಳೆಯೋಣ ಎಂಬ ಅರ್ಥ. ದೇಶದ ಲಾಂಛನದ ಮೇಲೂ ಆ ಮಾತಿದೆ. ಯಾರದೋ ಮಗನ ಕಾಲೇಜು ಫೀ, ಯಾರದೋ ಆಸ್ಪತ್ರೆ ಬಿಲ್ಲು, ಯಾರದೋ ಮಣ್ಣು (ಅಂತ್ಯಕ್ರಿಯೆ), ಎಲ್ಲಕ್ಕೂ ಹರಾಂಬೆ. ಎಲ್ಲರ ಮುಂದೆ ಕೇಳುತ್ತಾರೆ, ಎಲ್ಲರ ಮುಂದೆ ಕೊಡುತ್ತಾರೆ, ಅದರಲ್ಲಿ ನಾಚಿಕೆಯೇ ಇಲ್ಲ. ನಿಮ್ಮನ್ನೂ ಕೇಳುತ್ತಾರೆ. ಹಾಗಾಗಿ ತಿಂಗಳ ಲೆಕ್ಕದಲ್ಲಿ 'ಕೊಡುವುದಕ್ಕೆ' ಎಂದು ಒಂದು ಸಾಲು ಮೊದಲೇ ಬರೆದುಕೋ. ನಾವು ಬರೆದುಕೊಂಡಿರಲಿಲ್ಲ. ನೆರೆಮನೆಯ ಅಜ್ಜನ ಮಣ್ಣಿಗೆ ಕೊಡಲು ಕೈಯಲ್ಲಿ ಇಲ್ಲದೆ ಹೋದದ್ದು ನನಗೆ ಇವತ್ತಿಗೂ ನೋವು.

ಎಷ್ಟು ಬೇಕು? ನಮ್ಮ ಅಂಕಿ ಈಗ ನಿಮಗೆ ಹೊಂದುವುದಿಲ್ಲ. ಆದರೆ ಲೆಕ್ಕವನ್ನು ರೂಪಾಯಿಯಲ್ಲಿ ಹಾಕಬೇಡ, ಅಲ್ಲಿಯ ನಾಣ್ಯವಾದ ಶಿಲ್ಲಿಂಗ್‌ನಲ್ಲಿ ಹಾಕಿ ಆಮೇಲೆ ರೂಪಾಯಿಗೆ ತಾ. 2024ರ ಆರಂಭದಲ್ಲಿ ಡಾಲರಿಗೆ ಸುಮಾರು 160 ಶಿಲ್ಲಿಂಗ್ ಇತ್ತು. ಕೆಲವೇ ತಿಂಗಳಲ್ಲಿ 130ರ ಹತ್ತಿರಕ್ಕೆ ಬಂತು. ಆ ದೇಶಕ್ಕೆ ಒಳ್ಳೆಯದೇ ಆಯಿತು. ಆದರೆ ಹೊರಗಿನಿಂದ ಹಣ ತರಿಸುವವರ ಕೈಗೆ ಐದರಲ್ಲಿ ಒಂದು ಭಾಗ ಕಡಿಮೆ ಬಂತು. ಅಂಥ ಏರಿಳಿತಕ್ಕೆ ಅಂತಲೇ ಬೇಕಾದ್ದಕ್ಕಿಂತ ಕಾಲು ಭಾಗ ಜಾಸ್ತಿ ಹೊಂದಿಸಿಕೊಂಡು ಹೊರಡು. ನೂರಕ್ಕೆ ಎಂಬತ್ತು ಆಯಿತು, ಉಳಿದದ್ದು ಅಲ್ಲಿಗೆ ಹೋದ ಮೇಲೆ ನೋಡೋಣ ಎಂದು ಹೊರಡಬೇಡ. ಅಲ್ಲಿ ಕೂತು ಇಲ್ಲಿಯವರನ್ನು ಕೇಳುವುದು ತುಂಬ ಕಷ್ಟ.

ಸಭೆಯೊಂದರ ಖಜಾಂಚಿ, ಬೆಂಗಳೂರು

ಬ್ರದರ್, ಅಕ್ಕ ಮನಸ್ಸಿನ ಮಾತು ಹೇಳಿದ್ದಾರೆ. ನಾನು ಕಾನೂನಿನ ಮಾತು ಸ್ವಲ್ಪ ಸೇರಿಸುತ್ತೇನೆ. ಪ್ರಾಮಾಣಿಕರೇ ಇಲ್ಲಿ ಸಿಕ್ಕಿಬೀಳುವುದನ್ನು ನೋಡಿ ನೋಡಿ ಹೇಳುತ್ತಿದ್ದೇನೆ.

ಜನರ ಕಾಣಿಕೆಯನ್ನು ನಿಮ್ಮ ಸ್ವಂತ ಉಳಿತಾಯ ಖಾತೆಗೆ ಹಾಕಿಸಿಕೊಳ್ಳಬೇಡಿ. ಸಂಬಂಧಿಕರಲ್ಲದವರು ಕೊಟ್ಟದ್ದು ಒಂದು ಹಣಕಾಸು ವರ್ಷದಲ್ಲಿ ಒಟ್ಟು 50,000 ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯ ಆಗುತ್ತದೆ, ತೆರಿಗೆ ಬರುತ್ತದೆ. ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿಗೆ. ನಿಮ್ಮನ್ನು ಕಳಿಸುವ ಸಭೆ ಅಥವಾ ಸಂಸ್ಥೆಯ ಖಾತೆಗೆ ಬರಲಿ, ಅವರು ರಸೀದಿ ಕೊಡಲಿ, ನಿಮಗೆ ತಿಂಗಳಿಗೆ ಇಂತಿಷ್ಟು ಎಂದು ಕೊಡಲಿ. ಅದಕ್ಕೆ ಬರುವ ತೆರಿಗೆಯನ್ನು ನೀವು ಕಟ್ಟಿ. ನಿದ್ದೆ ಚೆನ್ನಾಗಿ ಬರುತ್ತದೆ.

'ಕೊಟ್ಟದ್ದಕ್ಕೆ 80ಜಿ ತೆರಿಗೆ ರಿಯಾಯಿತಿ ಸಿಗುತ್ತದೆ' ಎಂದು ಯಾರಿಗೂ ಮಾತು ಕೊಡಬೇಡಿ. ಅದು ಧಾರ್ಮಿಕ ಕೆಲಸಕ್ಕೆ ಇರುವ ರಿಯಾಯಿತಿ ಅಲ್ಲ. ಇಲ್ಲಿಯ ಟ್ರಸ್ಟ್ ತನ್ನ ಹಣವನ್ನು ಭಾರತದ ಹೊರಗಿನ ಕೆಲಸಕ್ಕೆ ಬಳಸಿದರೆ ಟ್ರಸ್ಟಿನ ತೆರಿಗೆ ವಿನಾಯಿತಿಗೂ ತೊಂದರೆ. ಮೊದಲೇ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು. ನಿಮ್ಮ ಸಂಸ್ಥೆಯ ಆಡಿಟರ್ ಜೊತೆ ಒಂದು ಗಂಟೆ ಕೂತು ಇದನ್ನು ಬರವಣಿಗೆಯಲ್ಲೇ ತೀರ್ಮಾನ ಮಾಡಿಕೊಳ್ಳಿ.

ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ನಮ್ಮ ಕನ್ನಡ ಸಭೆಯವರು ಪ್ರೀತಿಯಿಂದ ಕೊಡಲು ಬರುತ್ತಾರೆ. ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಕೇಳಲು ಸಂಕೋಚ ಬೇಡ. ಭಾರತದ ಪೌರರು ಅಲ್ಲಿ ದುಡಿದು ಕೊಟ್ಟರೆ ಒಂದು ಲೆಕ್ಕ. ಆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ. ಓಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರ ಕಾರ್ಡ್) ಇದ್ದರೂ ಅಷ್ಟೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದ ಸಭೆ ಅದನ್ನು ಮುಟ್ಟಬಾರದು. ಎಷ್ಟು ಒಳ್ಳೆಯ ಮನಸ್ಸಿನಿಂದ ಬಂದರೂ ಮುಟ್ಟಬಾರದು.

ಇಲ್ಲಿಂದ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ದಾರಿ ಇದೆ. ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ತನಕ ಮಿತಿ. ನಿಮಗೆ ಅಷ್ಟು ಬೇಕಿಲ್ಲ. 2025ರ ಏಪ್ರಿಲ್‌ನಿಂದ ಹತ್ತು ಲಕ್ಷ ದಾಟಿದರೆ ಬ್ಯಾಂಕು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ, ಅಷ್ಟು ಗಮನ ಇರಲಿ. ನೀವು ಅಲ್ಲಿ ನೆಲೆಸಿದ ಮೇಲೆ ಇಲ್ಲಿಯ ಉಳಿತಾಯ ಖಾತೆಯನ್ನು ಹೊರದೇಶದಲ್ಲಿ ಇರುವವರ ಖಾತೆ, ಅಂದರೆ ಎನ್‌ಆರ್‌ಒ ಮಾಡಿಸಬೇಕು. ಹೊರಡುವ ಮೊದಲೇ ಬ್ಯಾಂಕಿಗೆ ಹೋಗಿ ಕೇಳಿ. ತಿಂಗಳ ಕಾಣಿಕೆಗೆ ಯುಪಿಐ ಆಟೋಪೇ ಮಾಡಿಸಿದರೆ ಕೊಡುವವರಿಗೂ ಮರೆಯುವುದಿಲ್ಲ. ನಮ್ಮ ಸಭೆಯಲ್ಲಿ ಅದನ್ನು ಮಾಡಿಸಿದ ಮೇಲೆ ನೆನಪಿಸುವ ಕೆಲಸ ಬಹಳ ಕಡಿಮೆ ಆಯಿತು. ವಯಸ್ಸಾದವರಿಗೆ ಮಾತ್ರ ಹಳೆಯ ಕವರೇ ಸರಿ.

ಇಲ್ಲಿಯ ಸಿಮ್ ಬಿಡಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುತ್ತದೆ. ರೀಚಾರ್ಜ್ ಮಾಡುವ ಜವಾಬ್ದಾರಿ ಊರಲ್ಲಿ ಒಬ್ಬರಿಗೆ ಕೊಟ್ಟು ಹೋಗಿ.

ಕೀನ್ಯಾದ ನಕುರುವಿನಲ್ಲಿ ನರ್ಸ್ ಆಗಿದ್ದವರು, ಮಂಗಳೂರು

ಇದು ಮುಖ್ಯವಾಗಿ ನಿಮ್ಮ ಹೆಂಡತಿಗೆ. ಸಿಸ್ಟರ್, ನಿಮ್ಮ ಗಂಡನಿಗೆ ಮಿಷನರಿಗಳ ವರ್ಕ್ ಪರ್ಮಿಟ್ ಸಿಗುತ್ತದೆ, ಕ್ಲಾಸ್ ಐ ಎನ್ನುತ್ತಾರೆ. ಅದಕ್ಕೆ ಅಲ್ಲಿಯ ಸಭೆಯೇ ಅರ್ಜಿ ಹಾಕಬೇಕು. ನೀವು ಅವರ ಅವಲಂಬಿತರಾಗಿ ಹೋದರೆ ಆ ಪಾಸಿನಲ್ಲಿ ಕೆಲಸ ಮಾಡುವ ಹಾಗಿಲ್ಲ. 'ಸಂಬಳ ತಗೊಳ್ಳಲ್ಲ, ಸುಮ್ನೆ ಕ್ಲಿನಿಕ್‌ನಲ್ಲಿ ಸಹಾಯ ಮಾಡುತ್ತೇನೆ' ಎಂದರೂ ಆಗುವುದಿಲ್ಲ. ಅಲ್ಲಿಯ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿ ಬೇಕು. ಅದಕ್ಕೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಿಂದ ಪರಿಶೀಲನಾ ಪತ್ರ ಹೋಗಬೇಕು, ಓದಿದ ಕಾಲೇಜಿನಿಂದ ಅಂಕಪಟ್ಟಿ ಬೇಕು. ಇವತ್ತೇ ಶುರು ಮಾಡಿ. ನಾನು ತಡ ಮಾಡಿ ಅಲ್ಲಿ ಹದಿನಾಲ್ಕು ತಿಂಗಳು ಕೈಕಟ್ಟಿ ಕೂತೆ. ಸುತ್ತ ಕಾಯಿಲೆಯವರು ಇದ್ದಾರೆ, ನನಗೆ ಕೆಲಸ ಗೊತ್ತಿದೆ, ಮುಟ್ಟುವ ಹಾಗಿಲ್ಲ. ಆ ಸಂಕಟ ನಿಮಗೆ ಬೇಡ.

ಕಾಗದದಲ್ಲಿ ನಮ್ಮವರು ಎಡವುವುದು ಹೆಸರಿನಲ್ಲೇ. ಶಾಲೆಯ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಇನಿಷಿಯಲ್ ಮುಂದೆ, ಸಭೆಯ ಮದುವೆ ಪತ್ರದಲ್ಲಿ ಅಪ್ಪನ ಹೆಸರು ಪೂರ್ತಿ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಜಾಗವೇ ಇಲ್ಲ. ನಾಲ್ಕು ಕಾಗದದಲ್ಲಿ ನಾಲ್ಕು ಜನ. ಮೊದಲು ಪಾಸ್‌ಪೋರ್ಟ್ ನೋಡಿ, ಉಳಿದದ್ದನ್ನೆಲ್ಲ ಅದಕ್ಕೆ ಸರಿಯಾಗಿ ತಿದ್ದಿಸಿ. ಮಕ್ಕಳ ಜನನ ಪತ್ರದಲ್ಲಿ ನಿಮ್ಮಿಬ್ಬರ ಹೆಸರು ಹೇಗಿದೆ ಎಂದೂ ನೋಡಿ. ಪೊಲೀಸ್ ಕ್ಲಿಯರೆನ್ಸ್‌ಗೆ ನಿಮ್ಮ ಹತ್ತಿರದ ಪಾಸ್‌ಪೋರ್ಟ್ ಕೇಂದ್ರದಲ್ಲಿ ಕೇಳಿ.

ಆರೋಗ್ಯದ ಮಾತು. ಹಳದಿ ಜ್ವರದ ಲಸಿಕೆಯ ಕಾರ್ಡನ್ನು ಕೀನ್ಯಾಕ್ಕೆ ಹೋಗುವಾಗ ನಿಮ್ಮಿಂದ ಕೇಳುವುದಿಲ್ಲ, ಭಾರತಕ್ಕೆ ತಿರುಗಿ ಬರುವಾಗ ಕೇಳುತ್ತಾರೆ. ಕಾರ್ಡ್ ಇಲ್ಲದಿದ್ದರೆ ಆರು ದಿನದ ತನಕ ಬೇರೆ ಇಡಬಹುದು. ಅಪ್ಪನಿಗೆ ಹುಷಾರಿಲ್ಲ ಎಂದು ಓಡಿ ಬರುವ ಹೊತ್ತಿನಲ್ಲಿ ಇದು ಆಗಬಾರದು. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ದಿನ ಗೊತ್ತು ಮಾಡಿಕೊಂಡು ಹೋಗಿ. ಹಾಕಿಸಿಕೊಂಡ ಹತ್ತು ದಿನದ ಮೇಲೆ ಅದು ಲೆಕ್ಕಕ್ಕೆ ಬರುತ್ತದೆ. ಒಮ್ಮೆ ಹಾಕಿದರೆ ಜೀವನಪೂರ್ತಿ ಸಾಕು.

ನಾನಿದ್ದ ನಕುರು ಎತ್ತರದ ಜಾಗ, ತಂಪು, ಸೊಳ್ಳೆ ಕಡಿಮೆ. ನೈರೋಬಿಯೂ ಹಾಗೆಯೇ. ಕಿಸುಮು ವಿಕ್ಟೋರಿಯಾ ಸರೋವರದ ದಂಡೆಯಲ್ಲಿದೆ, ಸೆಕೆ, ಮಲೇರಿಯಾ ಜಾಸ್ತಿ. ನಾಲ್ಕು ವರ್ಷದ ಮಗುವಿಗೆ ಜ್ವರ ಬಂದರೆ 'ನಾಳೆ ನೋಡೋಣ' ಅನ್ನಬೇಡಿ, ಅದೇ ದಿನ ರಕ್ತ ಪರೀಕ್ಷೆ. ಸೊಳ್ಳೆಪರದೆ ದಿನವೂ, ಬೆವರಿದರೂ.

ಚಿಕ್ಕದೊಂದು ವಿಷಯ. ಅಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ದಂಡ ದೊಡ್ಡದು. ಉಪ್ಪಿನಕಾಯಿ, ಸಂಡಿಗೆಯನ್ನು ಕ್ಯಾರಿಬ್ಯಾಗಿನಲ್ಲಿ ಸುತ್ತಿ ಒಯ್ಯಬೇಡಿ. ಬಟ್ಟೆ ಚೀಲ, ಸ್ಟೀಲ್ ಡಬ್ಬಿ.

ಕಾಣಿಕೆ ಕೊಡುವ ಮನೆಯವಳು, ಉಡುಪಿ ಜಿಲ್ಲೆ

ನಾನು ಎಲ್ಲಿಗೂ ಹೋದವಳಲ್ಲ. ಆದರೆ ನಮ್ಮ ಅಜ್ಜಿಯ ಬಗ್ಗೆ ಹೇಳಬೇಕು ಅನಿಸಿತು. ಅಜ್ಜಿ ಬೀಡಿ ಕಟ್ಟುತ್ತಿದ್ದರು. ಅದರಲ್ಲೇ ತಿಂಗಳಿಗೆ 100 ರೂಪಾಯಿ ಒಂದು ಮಿಷನರಿ ಕುಟುಂಬಕ್ಕೆ ಹನ್ನೊಂದು ವರ್ಷ ಕೊಟ್ಟರು. ಆ ಕುಟುಂಬದವರು ಎರಡು ತಿಂಗಳಿಗೊಮ್ಮೆ ಕಾಗದ ಬರೆಯುತ್ತಿದ್ದರು. ಮೊಬೈಲಿನಲ್ಲಿ ಅಲ್ಲ, ನಿಜವಾದ ಕಾಗದ. ಊರಲ್ಲಿ ಅವರ ತಮ್ಮ ಅದನ್ನು ಜೆರಾಕ್ಸ್ ಮಾಡಿಸಿ ಮೊಬೈಲ್ ಇಲ್ಲದ ಹಿರಿಯರಿಗೆ ಮುಟ್ಟಿಸುತ್ತಿದ್ದರು. ನಾನು ಓದಿ ಹೇಳುತ್ತಿದ್ದೆ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಹಳ್ಳಿಯ ಬಾವಿ ಬತ್ತಿದ್ದು, ಅವರ ಚಿಕ್ಕ ಮಗ ಬಿದ್ದು ಕೈ ಮುರಿದುಕೊಂಡದ್ದು, ಎಲ್ಲ ಅಜ್ಜಿಗೆ ಗೊತ್ತಿತ್ತು. ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಿದ್ದರು.

ಒಂದು ಸಲ ಆ ಕಾಗದದಲ್ಲಿ ಅವರು, 'ಈ ಎರಡು ತಿಂಗಳು ಏನೂ ಆಗಲಿಲ್ಲ, ತರಗತಿಗೆ ಇಬ್ಬರೇ ಬಂದರು, ನಮಗೆ ಬೇಸರವಾಗಿದೆ' ಎಂದು ಬರೆದಿದ್ದರು. ಅವತ್ತು ಅಜ್ಜಿ ಜಾಸ್ತಿ ಹೊತ್ತು ಮೊಣಕಾಲೂರಿದ್ದರು. ಆದ್ದರಿಂದ ಅಣ್ಣ, ಒಳ್ಳೆಯ ಸುದ್ದಿ ಮಾತ್ರ ಬರೆಯಬೇಡಿ. ಅಲ್ಲಿಯ ಜನರ ಫೋಟೋ ಹಾಕುವಾಗ ಅವರನ್ನು ಕೇಳಿ ಹಾಕಿ. ಹರಿದ ಬಟ್ಟೆ ಹಾಕಿಕೊಂಡ ಮಗುವನ್ನು ತೋರಿಸಿ ಹಣ ಕೇಳುವವರನ್ನು ಕಂಡರೆ ಅಜ್ಜಿಗೆ ಬೇಸರವಾಗುತ್ತಿತ್ತು. 'ನಮ್ಮ ಮನೆ ಮಕ್ಕಳನ್ನು ಯಾರಾದರೂ ಹೀಗೆ ತೋರಿಸಿದ್ದರೆ?' ಎನ್ನುತ್ತಿದ್ದರು.

ಅಜ್ಜಿ ತೀರಿಕೊಂಡ ಮೇಲೆ ಆ 100 ನಾನು ಮುಂದುವರಿಸಿದ್ದೇನೆ. ಈಗ ಅದು 500.

ಎರಡೇ ವರ್ಷಕ್ಕೆ ಮರಳಿ ಬಂದವರು, ಮೈಸೂರು

ಅಣ್ಣ, ನಾವು ಐದು ವರ್ಷಕ್ಕೆ ಎಂದು ಹೋಗಿ ಎರಡು ವರ್ಷಕ್ಕೆ ಬಂದವರು. ದೇಶ ಬೇರೆ, ಹೇಳುವುದಿಲ್ಲ. ಕೆಲಸ ಚೆನ್ನಾಗಿಯೇ ಇತ್ತು. ಮಗನಿಗೆ ಆಗಲಿಲ್ಲ. ಹನ್ನೊಂದು ವರ್ಷದವನು, ಮಾತು ಬಿಟ್ಟ, ರಾತ್ರಿ ಅಳುತ್ತಿದ್ದ. 'ಸ್ವಲ್ಪ ದಿನ ಸರಿಹೋಗುತ್ತದೆ' ಎಂದು ಒಂದು ವರ್ಷ ತಳ್ಳಿದೆವು. ಅಷ್ಟು ಕಾಯಬಾರದಿತ್ತು. ನಿಮ್ಮ ಮಗಳಿಗೆ 9 ಎಂದು ಓದಿದಾಗ ಇದನ್ನು ಬರೆಯಲೇಬೇಕು ಅನಿಸಿತು.

ಅವಳನ್ನು ಈಗಲೇ ಮಾತಿಗೆ ಸೇರಿಸಿಕೊಳ್ಳಿ. ಹೋಗುವುದು ನಿಮ್ಮ ತೀರ್ಮಾನ, ನಿಜ. ಆದರೆ ಯಾವ ಪುಸ್ತಕ ಒಯ್ಯುವುದು, ಯಾವ ಗೆಳತಿಗೆ ವಾರಕ್ಕೊಮ್ಮೆ ವಿಡಿಯೋ ಕಾಲ್, ಬೆಕ್ಕನ್ನು ಯಾರಿಗೆ ಕೊಡುವುದು, ಇದೆಲ್ಲ ಅವಳೇ ನಿರ್ಧರಿಸಲಿ. ಹೊರಡುವ ಮೊದಲು ಅವಳ ಶಾಲೆ, ಅಜ್ಜಿ ಮನೆ, ಸಂಡೇ ಸ್ಕೂಲ್ ಟೀಚರ್ ಎಲ್ಲರಿಗೂ ಸರಿಯಾಗಿ ಹೇಳಿ ಬರಲು ಸಮಯ ಕೊಡಿ. ನಾವು ಮಗನನ್ನು ಪರೀಕ್ಷೆ ಮುಗಿದ ಮೂರನೇ ದಿನ ವಿಮಾನ ಹತ್ತಿಸಿದ್ದೆವು.

ಅಲ್ಲಿ ಶಾಲೆಯ ವರ್ಷ ಜನವರಿಗೆ ಶುರು. ಇಲ್ಲಿಯ ಹಾಗೆ ಜೂನ್ ಅಲ್ಲ. ಡಿಸೆಂಬರ್ ಒಳಗೆ ಹೋಗಿ ಮುಟ್ಟಿದರೆ ಅವಳು ಎಲ್ಲರ ಜೊತೆ ಹೊಸ ತರಗತಿಗೆ ಸೇರಬಹುದು. ಬೋರ್ಡಿಂಗ್ ಶಾಲೆ ಸೂಚಿಸುವವರು ಸಿಗುತ್ತಾರೆ. ಕಿಜಾಬೆಯಲ್ಲಿ ಮಿಷನರಿ ಮಕ್ಕಳಿಗೆ 1906ರಿಂದ ಒಂದು ಶಾಲೆ ಇದೆ, ಹೆಸರುವಾಸಿ. ನನ್ನ ಅಭಿಪ್ರಾಯ ಕೇಳಿದರೆ, ಆ ವಯಸ್ಸಿನ ಮಗು ನಿಮ್ಮ ಜೊತೆಗೇ ಇರಲಿ. ನಮ್ಮ ಊರಿಗೆ ಬಂದ ಬಾಸೆಲ್ ಮಿಷನ್ನಿನವರು ಮಕ್ಕಳನ್ನು ಆರೇಳು ವರ್ಷಕ್ಕೇ ಯುರೋಪಿಗೆ ಕಳಿಸುತ್ತಿದ್ದರು, ಅಲ್ಲಿ ಅದಕ್ಕೆಂದೇ ಒಂದು ಮನೆ ಇತ್ತು. ಎಷ್ಟೋ ತಾಯಂದಿರು ಮಕ್ಕಳ ಮುಖವನ್ನು ವರ್ಷಗಟ್ಟಲೆ ನೋಡಲಿಲ್ಲ. ಅವರ ತ್ಯಾಗವನ್ನು ಗೌರವಿಸುತ್ತೇನೆ. ಆದರೆ ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಕನ್ನಡ ಬಿಡಿಸಬೇಡಿ. ಮಗ ನಾಲ್ಕು ವರ್ಷದವನು, ಆರು ತಿಂಗಳಲ್ಲಿ ಸ್ವಾಹಿಲಿ ಮಾತಾಡುತ್ತಾನೆ, ಅಷ್ಟೇ ಬೇಗ ಕನ್ನಡ ಮರೆಯುತ್ತಾನೆ. ಆಮೇಲೆ ಅಜ್ಜನ ಜೊತೆ ಫೋನಿನಲ್ಲಿ ಏನು ಮಾತಾಡುತ್ತಾನೆ?

ವಾಪಸ್ ಬಂದಾಗ ನಮಗೆ ಕಾಣಿಕೆ ಕೊಟ್ಟವರ ಮುಖ ನೋಡಲು ಭಯವಾಗಿತ್ತು. ಆದರೂ ಎಲ್ಲ ಮನೆಗೂ ಹೋದೆವು. ಉಳಿದ ಹಣದ ಲೆಕ್ಕ ಕೊಟ್ಟೆವು. ಬಹಳ ಜನ ಅಪ್ಪಿಕೊಂಡರು. ಇಬ್ಬರು ಮೂವರು ಬೇಸರ ಮಾಡಿಕೊಂಡರು, ಅವರಿಗೆ ಆ ಹಕ್ಕೂ ಇತ್ತು. ನೀವು ಹಣ ಹೊಂದಿಸುವಾಗಲೇ ವಾಪಸ್ ಬರುವ ಟಿಕೆಟ್, ಬಂದ ಮೇಲೆ ಆರು ತಿಂಗಳ ಬಾಡಿಗೆ, ಊಟ, ಅಷ್ಟನ್ನು ಬೇರೆ ಎತ್ತಿಡಿ. ಯಾವಾಗ ಬಂದರೂ ಅದು ಬೇಕೇ ಬೇಕು.

ಅಪ್ಪ ಅಮ್ಮನ ಬಗ್ಗೆ ಕೇಳಿದ್ದೀರಿ. ನಮ್ಮ ಮಾವನವರು ನಾವು ಅಲ್ಲಿದ್ದಾಗಲೇ ತೀರಿಕೊಂಡರು. ಟಿಕೆಟ್‌ಗೆ ಹಣ ಇತ್ತು. ಆದರೆ ಆ ವಾರ ಪಾಸ್‌ಪೋರ್ಟುಗಳು ಪರ್ಮಿಟ್ ಕೆಲಸಕ್ಕೆ ಕಚೇರಿಯಲ್ಲಿದ್ದವು. ಮಣ್ಣಿಗೆ ಬರಲಾಗಲಿಲ್ಲ. ಇದು ಆಗಬಹುದು ಎಂದು ಅಪ್ಪನಿಗೆ ಈಗಲೇ, ಎದುರು ಕೂತು ಹೇಳಿ. ಅವರು ಏನು ಬಯಸುತ್ತಾರೆ, ಆಸ್ಪತ್ರೆಗೆ ಯಾರು ಓಡಬೇಕು, ಮನೆ ಕಾಗದ ಯಾರ ಹತ್ತಿರ, ತಮ್ಮ ತಂಗಿಯರಿಗೆ ಯಾವ ಜವಾಬ್ದಾರಿ, ಎಲ್ಲವನ್ನೂ ಕೇಳಿ. ನಾವು ಅಪಶಕುನ ಎಂದು ಬಾಯಿಬಿಡಲಿಲ್ಲ. ಮಾವನವರಿಗೂ ಹೇಳುವುದು ಇತ್ತೇನೋ.

ಮತ್ತೆ ಧಾರವಾಡದಿಂದ

ಮೈಸೂರಿನ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ನಿಮ್ಮ ಮಗ ಈಗ ಚೆನ್ನಾಗಿದ್ದಾನಾ, ಒಮ್ಮೆ ಬರೆಯಿರಿ.

ತಮ್ಮಾ, ನಿನ್ನ ಅಮ್ಮ ಎದ್ದು ಒಳಗೆ ಹೋಗುತ್ತಾರೆ ಎಂದೆ. ನಮ್ಮ ಅತ್ತೆಯೂ ಹಾಗೇ ಮಾಡುತ್ತಿದ್ದರು. ನಾವು ಅವರಿಗೆ ದೇವರ ಕರೆ, ಸೇವೆ ಎಂದು ವಿವರಿಸುತ್ತಲೇ ಇದ್ದೆವು. ಅವರು ಸಭೆಯಲ್ಲಿ ನಮಗಿಂತ ನಲವತ್ತು ವರ್ಷ ಹಿರಿಯರು, ಅವರಿಗೆ ಗೊತ್ತಿಲ್ಲದ ಮಾತಾ ಅದು? ಅವರಿಗೆ ಬೇಕಾಗಿದ್ದದ್ದು ಮೊಮ್ಮಕ್ಕಳು ಎಲ್ಲಿ ಮಲಗುತ್ತಾರೆ, ಏನು ತಿನ್ನುತ್ತಾರೆ ಎಂಬುದು. ಅಲ್ಲಿಯ ಮನೆಯ ಫೋಟೋ ತರಿಸಿ ತೋರಿಸು. ಭಾಷೆಯನ್ನೂ ಈಗಲೇ ಶುರು ಮಾಡಿ, ಅಮ್ಮನ ಎದುರೇ ಕಲಿಯಿರಿ. ಸ್ವಾಹಿಲಿಯಲ್ಲಿ ಗಾಡಿಗೆ ಗಾರಿ, ಅಂಗಡಿಗೆ ದುಕಾ, ಚಪಾತಿಗೆ ಚಪಾತಿಯೇ. ರೈಲು ಹಾಕಲು ಹೋದ ನಮ್ಮ ದೇಶದವರು, ಅವರ ಹಿಂದೆ ಹೋದ ವ್ಯಾಪಾರಿಗಳು ಬಿಟ್ಟ ಗುರುತು ಅಲ್ಲೆಲ್ಲ ಇದೆ. ರೈಲು ಕಿಸುಮು ಮುಟ್ಟಿದ್ದು 1901ರಲ್ಲಿ. ಆದರೆ ಹಳ್ಳಿಯಲ್ಲಿ ನಿಮಗೆ ಬೇಕಾಗುವುದು ಲುವೊ ಭಾಷೆ. ಧನ್ಯವಾದಕ್ಕೆ 'ಎರೊಕಮಾನೊ' ಎನ್ನಬೇಕು. ಅದೊಂದು ಮಾತು ಬಂದರೂ ಅಲ್ಲಿಯ ಅಜ್ಜಿಯಂದಿರು ಕೈಹಿಡಿದು ಕೂರಿಸಿಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು, ಗದಗ

ಎಲ್ಲರಿಗೂ ಹೃದಯದಿಂದ ವಂದನೆ. ನಾವಿಬ್ಬರೂ ಕೂತು ಎಲ್ಲವನ್ನೂ ಓದಿದೆವು. ಹೆಂಡತಿ ಇವತ್ತೇ ಕೌನ್ಸಿಲಿಗೆ ಅರ್ಜಿಯ ಕೆಲಸ ಹಿಡಿದಿದ್ದಾಳೆ. ನನ್ನ ಮಾರ್ಕ್ಸ್ ಕಾರ್ಡಿನಲ್ಲೂ ಪಾಸ್‌ಪೋರ್ಟಿನಲ್ಲೂ ಹೆಸರು ಬೇರೆ ಬೇರೆ ಇದೆ ಎಂದು ಈಗಷ್ಟೇ ನೋಡಿದೆ. ಬರುವ ವಾರ ಮೂರು ಮನೆಗೆ ಹೋಗುತ್ತೇವೆ ಎಂದು ಫೋನ್ ಮಾಡಿ ಹೇಳಿದ್ದೇವೆ. ಬೆಕ್ಕಿನ ವಿಷಯ ಮಗಳಿಗೆ ಬಿಟ್ಟಿದ್ದೇವೆ.

ನಿನ್ನೆ ರಾತ್ರಿ ಕಿಸುಮುವಿನ ಮನೆಯ ಫೋಟೋ ಬಂತು. ಅಮ್ಮನ ಕೈಗೆ ಕೊಟ್ಟೆ. ಅಡುಗೆಮನೆಯ ಫೋಟೋ ಬಹಳ ಹೊತ್ತು ನೋಡಿದರು. ಆಮೇಲೆ ಈ ವಿಷಯದಲ್ಲಿ ಮೊದಲ ಸಲ ಒಂದು ಮಾತು ಕೇಳಿದರು: 'ಅಲ್ಲಿ ಜೋಳ ಸಿಗುತ್ತಾ? ಹುಡುಗರಿಗೆ ರೊಟ್ಟಿ ಇಲ್ಲದೆ ಆಗಲ್ಲ.' ಅಕ್ಕ, ಸಿಗುತ್ತಾ?

ಧಾರವಾಡ

ಸಿಗುತ್ತೆ ಅಂತ ಅಮ್ಮನಿಗೆ ಈಗಲೇ ಹೇಳು. ಮ್ತಾಮಾ ಎಂದು ಕೇಳಬೇಕು. ಆ ಕಡೆಯ ಹೊಲದಲ್ಲೇ ಬೆಳೆಯುತ್ತಾರೆ. ಕೆಂಪು ಜೋಳ ಒಗರು, ಬಿಳಿಯದನ್ನು ಆರಿಸಿ ಗಿರಣಿಗೆ ಕೊಡಿ. ರಾಗಿಯೂ ಇದೆ, ವಿಂಬಿ ಎನ್ನುತ್ತಾರೆ, ಅದರ ಗಂಜಿ ಉಜಿ. ರಾಗಿ ನಮ್ಮ ಕಡೆಗೆ ಬಂದದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಿಂದ. ಮೆಕ್ಕೆಜೋಳದ ಉಗಾಲಿ ನೋಡಿದರೆ ಮಕ್ಕಳು ಮುದ್ದೆ ಎಂದೇ ತಿನ್ನುತ್ತಾರೆ. ರೊಟ್ಟಿ ಹಂಚು ಮಾತ್ರ ಮನೆಯದೇ ಒಯ್ಯಿರಿ. ಯಾವುದು ಎಂದು ಅಮ್ಮನೇ ಆರಿಸಿ ಕೊಡಲಿ.